ತಾನೇ ಬರೆದ ಹೊತ್ತಿಗೆ ತಡವಾದ ಬಾಣದಣ್ಣ

ಬೆಳಗಿನ ಐದೂ ಮುಕ್ಕಾಲು. ಬೆಟ್ಟದ ಬುಡದ ಕಾವಲು ಕೋಣೆಯಲ್ಲಿ ಐವತ್ತೆರಡರ ಗಂಡಸೊಬ್ಬರು ಬೆನ್ನಚೀಲಕ್ಕೆ ಮರಳಿನ ಪೊಟ್ಟಣ ತುಂಬಿ ತೂಗುತ್ತಿದ್ದಾರೆ. ಹನ್ನೊಂದೂವರೆ ಕಿಲೋ, ನಿನ್ನೆಗಿಂತ ಅರ್ಧ ಕಿಲೋ ಹೆಚ್ಚು. ಚೀಲ ಏರಿಸಿಕೊಂಡು ಹೊರಡುತ್ತಾರೆ. ಎರಡನೇ ತಿರುವಿನಲ್ಲಿ ಏದುಸಿರು ಬರುತ್ತದೆ. ನಿಂತು, ಯಾರೂ ಇಲ್ಲದ ದಾರಿಗೆ ಜೋರಾಗಿ ಹೇಳುತ್ತಾರೆ: "ನಮ್ಮತ್ತೆಗೆ ನನ್ನ ಕಂಡ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೇ."

ತಲೆ ಕೆಟ್ಟಿಲ್ಲ. ಒಂದು ಪೂರಾ ವಾಕ್ಯ ತಡವರಿಸದೆ ಹೇಳುವಷ್ಟು ಉಸಿರಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಬೇಕೆಂದು ಆಸ್ಪತ್ರೆಯ ವ್ಯಾಯಾಮದ ಮೇಡಂ ಷರತ್ತು ಹಾಕಿದ್ದಾರೆ. ವಾಕ್ಯ ಯಾವುದಿರಬೇಕೆಂದು ಅವರು ಹೇಳಿಲ್ಲ.

ಚಾರಣಿಗರು ಇವರನ್ನು ಕರೆಯುವುದು ಬಾಣದಣ್ಣ ಎಂದು. ಹತ್ತೊಂಬತ್ತು ವರ್ಷಗಳಿಂದ ಈ ಬೆಟ್ಟದ ಬಂಡೆಗಳ ಮೇಲೆ ಹಳದಿ ಬಾಣ ಬರೆಯುವುದು, ಬಿದ್ದ ಮರ ಸರಿಸುವುದು, ಕೊಚ್ಚಿಹೋದ ಮೆಟ್ಟಿಲು ಕೂರಿಸುವುದು ಇವರ ಕೆಲಸ. ನಾನೂರ ಹನ್ನೆರಡು ಬಾಣ, ಹದಿನೇಳು ಫಲಕ. ದಾರಿ ತಪ್ಪದೆ ಇಳಿದು ಬಂದವರು ತುದಿಯ ಫೋಟೊ ತೋರಿಸುತ್ತಾರೆ, ಬಾಣದ ಫೋಟೊ ಯಾರೂ ತೆಗೆಯುವುದಿಲ್ಲ.

ಹೋದ ವರ್ಷ ಕೆಮ್ಮಿನಿಂದ ಶುರುವಾದದ್ದು ಎರಡೂ ಶ್ವಾಸಕೋಶಕ್ಕೆ ಇಳಿಯಿತು. ಹನ್ನೊಂದು ದಿನ ಯಂತ್ರವೇ ಉಸಿರಾಡಿಸಿತು. ಆಸ್ಪತ್ರೆಯಲ್ಲಿ ಒಟ್ಟು ಮೂವತ್ತೇಳು ದಿನ. ಮನೆಗೆ ಬಂದಾಗ ಹದಿನೆಂಟು ಕಿಲೋ ಇಳಿದಿದ್ದ ದೇಹಕ್ಕೆ ಹಾಸಿಗೆಯಿಂದ ಬಚ್ಚಲೇ ದೂರದೂರು. "ಗೋಡೆ ಹಿಡ್ಕೊಂಡು ಹೋಗ್ತಿದ್ದೆ. ನನ್ನ ಹೆಂಡತಿ ಹಿಂದೆ ಕುರ್ಚಿ ಹಿಡ್ಕೊಂಡು ಬರ್ತಿದ್ಲು. ಎಲ್ಲಿ ಕುಸಿದ್ರೆ ಅಲ್ಲೇ ಸಿಂಹಾಸನ," ಎನ್ನುತ್ತಾರೆ.

ಮೊದಲು ಕುರ್ಚಿಯಿಂದ ಏಳುವುದು, ದಿನಕ್ಕೆ ಹತ್ತು ಸಲ. ಆಮೇಲೆ ಮಹಡಿಯ ಹದಿನಾಲ್ಕು ಮೆಟ್ಟಿಲು. ಆಮೇಲೆ ಬೀದಿಯ ಕೊನೆಯ ದರ್ಜಿ ಅಂಗಡಿಯವರೆಗೆ. ಮೂರನೇ ತಿಂಗಳಲ್ಲಿ ಬೆನ್ನಿಗೆ ಎರಡು ಕಿಲೋ ಮರಳು. ಒಂದು ವಾರ ಹುಮ್ಮಸ್ಸಿನಲ್ಲಿ ಒಮ್ಮೆಲೇ ಐದು ಕಿಲೋ ಹೊತ್ತು, ಮುಂದಿನ ವಾರವಿಡೀ ಮಲಗಿದರು. ಹೆಂಡತಿ ಆ ಏಳು ದಿನವೂ ಮಾತು ಬಿಟ್ಟರು. "ಮಾತ್ರೆಗಿಂತ ಅದೇ ಜಾಸ್ತಿ ಕೆಲಸ ಮಾಡ್ತು," ಎಂದು ಇವರೇ ಒಪ್ಪಿಕೊಳ್ಳುತ್ತಾರೆ.

ಕೆಲಸ ಮರಳಿ ಸಿಗಬೇಕಾದರೆ ಕಚೇರಿಯ ಪರೀಕ್ಷೆ ಪಾಸಾಗಬೇಕು: ಹನ್ನೆರಡು ಕಿಲೋ ಹೊತ್ತು, ಬುಡದ ಫಲಕದಲ್ಲಿರುವ ಹೊತ್ತಿನೊಳಗೆ ತುದಿ ಮುಟ್ಟಬೇಕು. ಆಗದಿದ್ದರೆ ಜಾಗ ಬೇರೆಯವರಿಗೆ. ಫಲಕದಲ್ಲಿರುವುದು "ತುದಿಗೆ 2 ಗಂಟೆ 10 ನಿಮಿಷ". ಬರೆದವರು ಇವರೇ, ಮೂವತ್ತಮೂರರ ವಯಸ್ಸಿನಲ್ಲಿ, ಕೈಗಡಿಯಾರ ಕಟ್ಟಿಕೊಂಡು ತಾವೇ ಹತ್ತಿ ನೋಡಿ.

ಎಡವಟ್ಟು ಗೊತ್ತಾದದ್ದು ಕಾಯಿಲೆಯ ನಂತರ. "ದಾರೀಲಿ ಒಂದು ಫಲಕದಲ್ಲಿ ಮುಂದಿನ ಫಲಕಕ್ಕೆ ಇಪ್ಪತ್ತೈದು ನಿಮಿಷ ಅಂತಿದೆ, ನನಗೆ ಐವತ್ತಾಯ್ತು. ಅಲ್ಲೇ ಪಕ್ಕದಲ್ಲಿ ಕೂತು ಸುಧಾರಿಸ್ಕೊಳ್ತಿದ್ದವರೂ ಐವತ್ತು ಅಂದ್ರು. ಅವರಿಗೇನೂ ಕಾಯಿಲೆ ಇರ್ಲಿಲ್ಲ. ಹತ್ತೊಂಬತ್ತು ವರ್ಷ ನನ್ನ ಕಾಲಿನ ಲೆಕ್ಕಾನ ಊರಿಗೆಲ್ಲ ಹೇರಿದ್ದೀನಿ." ಮಗಳು ಸುಲಭದ ದಾರಿ ತೋರಿಸಿದಳು. ಹೇಗೂ ತಪ್ಪು ಲೆಕ್ಕ, ಪರೀಕ್ಷೆಗೆ ಮುಂಚೆಯೇ ತಿದ್ದಿಬಿಡಬಹುದಲ್ಲ? ಇವರು ಕುಂಚ ಮುಟ್ಟಲಿಲ್ಲ. "ಈಗ ತಿದ್ದಿದ್ರೆ ಅದು ನನಗೋಸ್ಕರ ತಿದ್ದಿದ ಹಾಗೆ."

ಪರೀಕ್ಷೆಯ ದಿನ ಮೇಲಧಿಕಾರಿ ಖುದ್ದಾಗಿ ಬರುತ್ತಾರೆ. ಹೊಸ ಬೂಟು, ಕುತ್ತಿಗೆಗೆ ಸ್ಟಾಪ್‌ವಾಚ್ ಗಡಿಯಾರ. ಬೆಟ್ಟವನ್ನು ಅವರು ಇದುವರೆಗೆ ಕಡತದಲ್ಲಿ ಮಾತ್ರ ಹತ್ತಿದವರು. ಅರ್ಧ ಗಂಟೆಯಲ್ಲಿ ಗಡಿಯಾರವನ್ನು ಬಾಣದಣ್ಣನ ಕೊರಳಿಗೆ ಹಾಕಿ, "ನೀವು ನಡೀರಿ, ನಾನು ಬರ್ತೀನಿ," ಎನ್ನುತ್ತಾರೆ.

ಬಾಣದಣ್ಣ ತುದಿಯಲ್ಲಿ ಗುಂಡಿ ಒತ್ತಿದಾಗ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಹದಿನಾಲ್ಕು ನಿಮಿಷ ತಡ. ಗಡಿಯಾರ ಅವರ ಕೈಯಲ್ಲೇ ಇದೆ, ಸುತ್ತಲೂ ನೋಡುವವರಿಲ್ಲ. ಗುಂಡಿ ಮತ್ತೆ ಮುಟ್ಟದೆ ಬಂಡೆಗೆ ಒರಗಿ ಕೂರುತ್ತಾರೆ. ಆಗ ಕಣ್ಣು ತುಂಬಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದೂ ಕಾಲು ಗಂಟೆಯ ನಂತರ ಅಧಿಕಾರಿ ನಾಲ್ಕು ಕಾಲಿನಲ್ಲಿ ಎಂಬಂತೆ ಬರುತ್ತಾರೆ. ಇವರ ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದ ಮೇಲೆ ಮೊದಲ ಮಾತು: "ಆ ಬೋರ್ಡು ಬರೆದ ಪುಣ್ಯಾತ್ಮ ಯಾರ್ರೀ?"

"ನಾನೇ ಸರ್."

ಅಧಿಕಾರಿ ಗಡಿಯಾರ ನೋಡುತ್ತಾರೆ, ಇವರನ್ನು ನೋಡುತ್ತಾರೆ, ಇಳಿಯಬೇಕಾದ ದಾರಿಯನ್ನೂ ನೋಡುತ್ತಾರೆ. ಕಾಗದದ ಮೇಲೆ ಎರಡು ಗಂಟೆ ಇಪ್ಪತ್ತನಾಲ್ಕು ಎಂದೇ ಬರೆದು, ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕುತ್ತಾರೆ: ಕೆಲಸಕ್ಕೆ ಯೋಗ್ಯರು, ಮೊದಲ ಕೆಲಸ ಫಲಕ ತಿದ್ದುವುದು.

ಈಗ ಬಾಣದಣ್ಣ ಇಳಿದು ಬರುವವರನ್ನೆಲ್ಲ ಬುಡದಲ್ಲಿ ನಿಲ್ಲಿಸಿ, ಯಾವ ಫಲಕಕ್ಕೆ ಎಷ್ಟು ಹೊತ್ತಾಯಿತೆಂದು ಕೇಳುತ್ತಾರೆ. ಮಂಡಿನೋವಿನ ಅಜ್ಜಿಯರ ಮಾತಿಗೆ ಹೆಚ್ಚು ಬೆಲೆ. ಹದಿನಾರು ಫಲಕ ಮುಗಿದಿವೆ. ಬುಡದ್ದು ಮಾತ್ರ ಬಿಳಿ ಬಣ್ಣ ಬಳಿದುಕೊಂಡು ಖಾಲಿ ನಿಂತಿದೆ.

ಕಾರಣ ಹೇಳಲು ಕೊಂಚ ಸಂಕೋಚ. ಹನ್ನೊಂದು ವರ್ಷದ ಹಿಂದೆ ಹೆಂಡತಿ ಒಮ್ಮೆ ಇವರ ಜೊತೆ ಹತ್ತಲು ಹೊರಟಿದ್ದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಅರ್ಧದಾರಿಯೂ ಆಗಿರಲಿಲ್ಲ. "ನನ್ನ ಕಾಲೇ ದಂಡ" ಎಂದು ಅಲ್ಲಿಂದಲೇ ಇಳಿದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. "ಅವಳ ಕಾಲಲ್ಲ, ನನ್ನ ಬರಹ ದಂಡ," ಎನ್ನುತ್ತಾರೆ ಬಾಣದಣ್ಣ. "ಬರೋ ಭಾನುವಾರ ಬರ್ತಾಳಂತೆ. ಎಷ್ಟು ಹೊತ್ತಿಗೆ ತುದಿ ಮುಟ್ತಾಳೋ, ಅಷ್ಟನ್ನೇ ಬರೀತೀನಿ."

ಹೆಂಡತಿಯ ಷರತ್ತು ಒಂದೇ. "ನಡುವೆ ಕೂತು ಊಟ ಮಾಡಿದ್ದನ್ನೂ ಸೇರಿಸಿ ಬರೀಬೇಕು."