ಮರದ ಕೆಳಗೆ ಹೇಳಿದ್ದು

ತೋತಾಪುರಿ ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆ ನಿಮಗೆ ಗೊತ್ತಿರಬೇಕು. ಬಣ್ಣದಂಗಡಿಯ ಟರ್ಪೆಂಟೈನ್‌ಗೆ ಹತ್ತಿರ. ಈ ಬೆಳಿಗ್ಗೆ ರಾಯಲ್ಪಾಡಿನ ನಮ್ಮ ತೋಪಿನಲ್ಲಿ ಬೆರಳಿಗೆ ಮೆತ್ತಿಕೊಂಡದ್ದು, ಸೋಪು ಹಾಕಿ ತೊಳೆದರೂ ಹೋಗಿಲ್ಲ. ಬೇರೆಯವರಿಗೆ ಇದರಿಂದ ಉಪ್ಪಿನಕಾಯಿ ನೆನಪಾಗುತ್ತದೆ. ನನಗೆ ನನ್ನ ಗೈಡ್ ನೆನಪಾಗುತ್ತಾರೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಇಂಥ ವಾಸನೆಯ ಎಣ್ಣೆಗಳಲ್ಲಿರುವ ಅಣುಗಳನ್ನು. ಒಂದು ಪದಾರ್ಥದಲ್ಲಿ ಎಷ್ಟು ಶಾಖ ಅಡಗಿದೆಯೆಂದು ತಿಳಿಯಲು ಎರಡು ದಾರಿ. ಉಕ್ಕಿನ ಪಾತ್ರೆಯೊಳಗೆ ಉರಿಸಿ ಅಳೆಯುವುದು ಒಂದು. ಉರಿಸದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇನ್ನೊಂದು. ಉರಿಸಿದವರು ಯಾವ ಕಾಲದಲ್ಲೋ ಉರಿಸಿ ಪುಸ್ತಕಕ್ಕೆ ಸೇರಿಸಿದ್ದರು. ನನ್ನ ಲೆಕ್ಕವನ್ನು ಅದರ ಪಕ್ಕದಲ್ಲಿಡುವುದು ನನ್ನ ಕೆಲಸ. ಎಲ್ಲವೂ ಸುಮಾರಾಗಿ ಹೊಂದಿದವು, ಮಾವಿನ ಸೊನೆಯಲ್ಲಿರುವ ಮಿರ್ಸೀನ್ ಒಂದನ್ನು ಬಿಟ್ಟು. ವಿಧಾನ ಬದಲಿಸಿ ನೋಡಿದೆ. ಜಗ್ಗಲಿಲ್ಲ. ನನ್ನ ಹಾಗೆಯೇ, ಮಾತು ಕಡಿಮೆ, ಹಟ ಜಾಸ್ತಿ.

ಗೈಡ್ ಒಳ್ಳೆಯವರೇ. "ಪಟ್ಟಿಯಲ್ಲಿ ಆ ಮಿರ್ಸೀನ್ ಸಾಲು ಒಂದು ತೆಗೆದುಬಿಡಮ್ಮ, ಗ್ರಾಫ್ ನೆಟ್ಟಗಾಗುತ್ತೆ," ಎಂದರು. "ಸಹಿ ಹಾಕಿಕೊಡ್ತೀನಿ, ಆರಾಮಾಗಿ ಊರಿಗೆ ಹೋಗು." ಆ ಸಹಿ ಇಲ್ಲದೆ ಡಿಗ್ರಿ ಇಲ್ಲ.

ಇಲ್ಲಿ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ಕೊಯ್ಲು ಶುರುವಾಗುವ ಮೊದಲು ತೋಪಿನ ಹಳೇ ಮರದ ಕೆಳಗೆ ನಿಂತು, ಈ ಸಲ ಇಷ್ಟು ಟನ್ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳುವುದು ನಮ್ಮ ಮನೆಯ ಪದ್ಧತಿ. ಶ್ರೀನಿವಾಸಪುರದ ಮಂಡಿಯಲ್ಲಿ ತೂಕವಾದ ಮೇಲೆ ದೊಡ್ಡಪ್ಪ, ತಾನು ಹೇಳಿದ್ದೂ ಅಷ್ಟೇ ಎಂದು ಪ್ರತಿ ವರ್ಷ ಸಾಧಿಸುತ್ತಿದ್ದರು. ಅಜ್ಜಿ ಬಿಡುತ್ತಿರಲಿಲ್ಲ.

"ಏಮ್ರಾ, ತೂಕ ಆದ್ಮೇಲೆ ಮಾತು ತಿರುಗಿಸ್ತೀಯಾ? ಕಾಯಿ ಉದುರಿರಬೋದು, ದಾರೀಲಿ ಯಾರೋ ಇಳಿಸ್ಕೊಂಡಿರಬೋದು, ಇಲ್ಲ ನಿನ್ನ ಕಣ್ಣೇ ಸರಿಯಿಲ್ದೆ ಇರಬೋದು. ನೀನು ಮಾತು ತಿರುಗಿಸಿದ್ರೆ ಯಾವ್ದು ಅಂತ ಹೆಂಗೋ ಗೊತ್ತಾಗೋದು?"

ಗ್ರಾಫನ್ನು ಇದ್ದ ಹಾಗೆಯೇ ಮತ್ತೆ ಗೈಡ್ ಮುಂದೆ ಇಟ್ಟೆ. "ಸಾಲು ಇರುತ್ತೆ ಸರ್. ಸಹಿ ನಿಮ್ಮಿಷ್ಟ," ಎಂದೆ. ಅವರೆದುರು ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಕೋಲಾರದ ಹಾಸ್ಟೆಲ್ ಖಾಲಿಯಾಗುತ್ತಾ ಬಂತು. ಗೆಳತಿಯರು ಪೆಟ್ಟಿಗೆ ಕಟ್ಟಿದರು; ನಾನು ಆ ಸಾಲಿನ ಕೆಳಗೆ ಟಿಪ್ಪಣಿ ಸೇರಿಸಿದೆ. ನನ್ನ ಲೆಕ್ಕವೇ ತಪ್ಪಿರಬಹುದು. ಅಥವಾ, ಚಾಕುವಿನ ಮೇಲೆ ಬಿಟ್ಟ ಸೊನೆ ಅಂಟಾಗುವಂತೆ, ಹಿಂದೆ ಅಳೆದವರು ಉರಿಸಿದ ಮಿರ್ಸೀನ್ ಬಾಟಲಿಯಲ್ಲೇ ಅಷ್ಟಿಷ್ಟು ಅಂಟಾಗಿದ್ದಿರಬಹುದು. ಕೊನೆಗೆ ಗೈಡ್ ನನ್ನ ಮುಖ ನೋಡದೆ ಸಹಿ ಹಾಕಿದರು. ಪರೀಕ್ಷಕರು ಅದೇ ಸಾಲಿನ ಮೇಲೆ ಬೆರಳಿಟ್ಟು ಅಂಕ ಕಡಿತ ಮಾಡಿದರು. ಯಾರು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಆ ಸಾಲು ಅಲ್ಲಿರಬೇಕು.

ಅಜ್ಜಿ ಈಗಿಲ್ಲ. ಈ ಬೆಳಿಗ್ಗೆ ದೊಡ್ಡಪ್ಪ, ಈ ಸಲ ನೀನೇ ಹೇಳು ಎಂದರು. ಎಂದಿನ ನಾನಾಗಿದ್ದರೆ ಗೊಣಗಿ ಜಾರಿಕೊಳ್ಳುತ್ತಿದ್ದೆ. ತೋಪೆಲ್ಲ ಸುತ್ತಿ ಬಂದು, ಹಳೇ ಮರದ ಕೆಳಗೆ ನಿಂತು, ಕಾಯಿ ಕೀಳುವವರಿಗೂ ಕೇಳುವಂತೆ ಹೇಳಿದೆ.

"ಜಾಸ್ತಿ ಆಯ್ತು ಕಣಮ್ಮಾ," ದೊಡ್ಡಪ್ಪ ನಕ್ಕರು. "ಒಸಿ ಇಳಿಸು. ಮಂಡೀಲಿ ಮರ್ಯಾದೆ ಉಳೀಲಿ."

"ಹೇಳಿ ಆಯ್ತು, ದೊಡ್ಡಪ್ಪ."

ಮೊದಲ ಲಾರಿ ಈಗಷ್ಟೇ ಹೊರಟಿದೆ. ತೂಕ ಏನಾದರೂ ಬರಲಿ. ನಾನು ಹೇಳಿದ್ದು ಮರದ ಕೆಳಗೇ ಇದೆ.