ಗೋಡೆಗೆ ಸೊಪ್ಪು ಹಾಕಿದ ಗಿರಿಜಾಂಬ

ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ರೇಷ್ಮೆಹುಳ ಮನೆಯವರನ್ನು ಮಲಗಗೊಡುವುದಿಲ್ಲ. ಸೊಪ್ಪು ಹಾಕಿ ಹಿಂದಕ್ಕೆ ತಿರುಗುವಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತದೆ. ಹುಳದ ಮನೆಯೊಳಗೆ ಸೋನೆ ಹಿಡಿದ ಹಾಗೆ ಚರಚರ ಸದ್ದು. ದೊಡ್ಡಆಲಹಳ್ಳಿಯ ಗಿರಿಜಾಂಬ ಮದುವೆಯಾಗಿ ಬಂದಾಗಿನಿಂದ ಆ ಸೋನೆಯಲ್ಲೇ ನೆಂದವಳು. ಈಗ ಅವಳ ಮಂಡಿ ಬಗ್ಗುವುದಿಲ್ಲ, ಬಗ್ಗಿದರೆ ಏಳುವುದಿಲ್ಲ. ಸೊಪ್ಪಿನ ಮಂಕರಿ ಎತ್ತುವಾಗ "ಶಿವನೇ" ಅನ್ನುತ್ತಾಳೆ, ಇಳಿಸುವಾಗಲೂ "ಶಿವನೇ".

"ಒಂದ್ಸಲ ಕರುದ್ರೆ ಸಾಕು, ಎಲ್ಡೆಲ್ಡು ಸಲ ಕರುದು ಅವನ ನಿದ್ದೆ ಯಾಕೆ ಕೆಡಿಸ್ತೀಯೆ?" ಅಂತ ಗಂಡ ರುದ್ರಯ್ಯ ರೇಗಿಸುತ್ತಾನೆ.

"ಅವನಾದ್ರೂ ಮಲಗವ್ನಲ್ಲ ಅಂತಲೇ ಹೊಟ್ಟೆ ಉರಿಯೋದು ಕಣಯ್ಯ."

ಇಂಥ ಹೊತ್ತಿನಲ್ಲಿ ಮೊಮ್ಮಗಳು ರಕ್ಷಿತಾ ಬಂದು ಹೇಳಿದಳು: "ಅಜ್ಜಿ, ಚಿತ್ರದ ಮ್ಯಾರಥಾನ್‌ಗೆ ನಿನ್ನೆಸ್ರು ಕೊಟ್ಬುಟ್ಟಿದ್ದೀನಿ. ಭಾನುವಾರ ಕನಕಪುರದಲ್ಲಿ."

ಬೆಳಗಿನಿಂದ ಹೊತ್ತು ಮುಳುಗುವವರೆಗೆ ಊರವರೆಲ್ಲ ಸೇರಿ ಒಂದು ಉದ್ದನೆಯ ಗೋಡೆಗೆ ಚಿತ್ರ ಬರೆಯುವುದು. ಒಂದೊಂದು ಮನೆಗೆ ಒಂದೊಂದು ಅಂಕಣ. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಇರಲೇಬೇಕು, ಕಡೇತನಕ ಕೂರಬೇಕು. ಹಿರಿಯರು ಎದ್ದು ಹೋದರೆ ಆ ಅಂಕಣ ಅಡ್ಡ ಕಟ್ಟಿದ ಹಗ್ಗದಾಚೆ ಕಾಯುತ್ತಾ ನಿಂತವರ ಪಾಲು. ಹೋದ ವರ್ಷ ರಕ್ಷಿತಾಳ ಜೊತೆಗೆ ಹೋಗಲು ಯಾರೂ ಇರಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು. ಹುಡುಗಿ ಇಡೀ ದಿನ ಹಗ್ಗದಾಚೆ ನಿಂತು ಇನ್ನೊಬ್ಬರ ಬಣ್ಣದ ಡಬ್ಬ ಹಿಡಿದುಕೊಂಡಿದ್ದು ವಾಪಸ್ಸು ಬಂದಿದ್ದಳು. ಅದನ್ನು ನೆನೆದೇ ಗಿರಿಜಾಂಬ "ಆಗ್ಲಿ ಬತ್ತೀನಿ" ಅಂದುಬಿಟ್ಟಳು.

"ಹುಳ ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟೋ ಹೊತ್ನಲ್ಲಿ ಬಣ್ಣ ಬಳಿಯಕ್ಕೆ ಹೊಂಟವ್ಳಂತೆ" ಅಂದ ರುದ್ರಯ್ಯ.

"ಸೋಮವಾರಕ್ಕೆ ಮುಂಚೆ ಹಣ್ಣಾಗಾಕಿಲ್ಲ ಬುಡು."

ಭಾನುವಾರ ನಸುಕಿನಲ್ಲೇ ಸೊಪ್ಪು ಹಾಕಿ, ಸೀರೆ ಬದಲಿಸಿ, ರಕ್ಷಿತಾಳನ್ನೂ ಅವಳ ತಮ್ಮ ಶಶಾಂಕನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಗೋಡೆಯ ಮುಂದೆ ಕೂರಿಸಿ ಕೈಗೆ ಕುಂಚ ಕೊಟ್ಟರು. ಏನು ಬರೆಯುವುದು? ಕೈಗೆ ಗೊತ್ತಿದ್ದದ್ದು ಹಿಪ್ಪುನೇರಳೆ ಎಲೆ ಒಂದೇ. ಒಂದು ಬರೆದಳು, ಪಕ್ಕದಲ್ಲಿ ಇನ್ನೊಂದು ಬರೆದಳು.

"ಬರೀ ಎಲೆನೇ ಬರೀತಿದ್ದೀಯಲ್ಲಜ್ಜಿ" ಅಂದ ಶಶಾಂಕ.

"ಗೋಡೆಗೂ ಹಸಿವಾಗಿರ್ತದೆ ಕಣ್ಲಾ, ಹಾಕ್ತಾ ಇದ್ದೀನಿ."

ಮಧ್ಯಾಹ್ನ ಚಿತ್ರಾನ್ನ ತಿಂದ ಮೇಲೆ ಬಿಸಿಲು ತಲೆಗೇರಿತು. ರೆಪ್ಪೆ ಮೇಲೆ ಯಾರೋ ಮಂಕರಿ ಇಟ್ಟ ಹಾಗೆ. ಆಗಲೇ ರುದ್ರಯ್ಯನ ಫೋನು ಬಂತು.

"ಹುಳ ಹಣ್ಣಾಯ್ತಾ ಅವೆ ಕಣೆ. ತಲೆ ಎತ್ಕಂಡು ನೂಲು ಬುಡ್ತಾವೆ. ಬಂದ್ಬುಡು."

ಹಣ್ಣಾದ ಹುಳವನ್ನು ಹೊತ್ತು ಮೀರುವ ಮುಂಚೆ ಒಂದೊಂದೇ ಆರಿಸಿ, ಗೂಡು ಕಟ್ಟಲು ಸುತ್ತುಸುತ್ತಾಗಿ ಬಿದಿರಿನ ಪಟ್ಟಿ ಕಟ್ಟಿದ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಗಿರಿಜಾಂಬ ಏಳಲು ನೆಲಕ್ಕೆ ಕೈ ಊರಿದಳು. ಕುಂಚ ಅದ್ದುತ್ತಿದ್ದ ರಕ್ಷಿತಾ ಅದ್ದುತ್ತಲೇ ಇದ್ದಳು. ಹಗ್ಗದಾಚೆ ಒಂದು ಮನೆಯವರು ಆಗಲೇ ಚಪ್ಪಲಿ ಬಿಟ್ಟು ಕಾಯುತ್ತಿದ್ದರು. ಊರಿದ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು ಗಿರಿಜಾಂಬ. ಬಣ್ಣ, ಟರ್ಪೆಂಟೈನು. ಹುಳದ ಮನೆಗೆ ಬೀಡಿ ಸೇದಿದವರನ್ನೂ ಮಲ್ಲಿಗೆ ಮುಡಿದವರನ್ನೂ ಬಿಡದ ಮನೆತನ ಅದು. ವಾಸನೆ ತಗುಲಿದರೆ ಹುಳ ಉಳಿಯುವುದಿಲ್ಲ ಅಂತ ಸೊಸೆಯ ತಲೆಗೆ ಎಣ್ಣೆ ಹಚ್ಚಲೂ ಬಿಡದವಳು ಇವಳೇ.

"ಬಂದು ಏನ್ ಮಾಡ್ಲಿ? ಮೈಯೆಲ್ಲ ಬಣ್ಣದ ವಾಸ್ನೆ. ಬಾಗ್ಲಲ್ಲೇ ನಿಲ್ಲಿಸ್ತೀಯ."

"ಮತ್ತೆ ನಾನೊಬ್ನೇ ಏನ್ಮಾಡ್ಲಿ?"

"ಪಕ್ಕದ್ಮನೆ ವೆಂಕಟಲಕ್ಷ್ಮಮ್ಮನ್ನ ಕರಿ. ಊರೋರ ಹುಳಾನೆಲ್ಲ ಹೋಗಿ ಆರಿಸ್ಕೊಟ್ಟಿಲ್ವಾ ನಾನು? ಮುಯ್ಯಾಳು ಬನ್ರವ್ವ ಅನ್ನು. ಬತ್ತಾರೆ."

"ನಾನು ಕರೀಬೇಕಾ?"

"ಊ. ಬಾಯಿ ಐತಲ್ಲ."

ಫೋನು ಇಟ್ಟು, ಗೋಡೆಗೆ ಒರಗಿ, ಒಂದು ಉಸಿರು ಬಿಟ್ಟಳು. ಆ ಉಸಿರಿನ ಜೊತೆಗೇ ನಿದ್ದೆ ಬಂತು. ಕುಂಚ ಬೆರಳಲ್ಲೇ ಇತ್ತು, ಬಾಯಿ ಒಸಿ ತೆರೆದಿತ್ತು.

ರಕ್ಷಿತಾ ಎಬ್ಬಿಸಲು ಹೋದಳು. ಶಶಾಂಕ ಅವಳ ಕೈ ಹಿಡಿದ. ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಅಂತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಮಾತು ಬಂದಾಗಿನಿಂದ ಆ ಮಕ್ಕಳಿಗೆ ಅಜ್ಜಿ ಹೇಳಿಕೊಟ್ಟ ಪಾಠ. ಇಬ್ಬರೂ ಅಜ್ಜಿಯನ್ನು ಮುಟ್ಟದೆ ಅವಳ ತಲೆ, ಹೆಗಲು, ಮಡಿಸಿದ ಮಂಡಿಯ ಸುತ್ತ ಗೆರೆ ಎಳೆದರು. ಗೆರೆಯ ಸುತ್ತ ಇನ್ನೊಂದು ಗೆರೆ, ಚಂದ್ರಿಕೆಯ ಸುತ್ತಿನ ಹಾಗೆ.

ಉಸ್ತುವಾರಿ ನೋಡುತ್ತಿದ್ದ ಭಾನುಪ್ರಿಯ ಬಂದು ನಿಂತಳು. "ಹಿರಿಯರು ಮಲಗಿಬಿಟ್ಟವ್ರಲ್ಲ?"

"ಎದ್ದೋಗ್ಲಿಲ್ವಲ್ಲ ಮಿಸ್" ಅಂದಳು ರಕ್ಷಿತಾ.

"ಜ್ವರಕ್ಕೆ ಕೂತೈತೆ. ಮುಟ್ಬೇಡಿ" ಅಂದ ಶಶಾಂಕ.

ಭಾನುಪ್ರಿಯಳ ತವರಿನಲ್ಲೂ ಹುಳ ಸಾಕುತ್ತಿದ್ದರು. ಒಂದು ಗಳಿಗೆ ಆ ಮುಖ ನೋಡಿದಳು. ಹಗ್ಗದಾಚೆಯವರಿಗೆ ಇಲ್ಲ ಅನ್ನುವಂತೆ ಕೈಯಾಡಿಸಿ, ಅಜ್ಜಿಯ ಮೇಲೆ ಬಿಸಿಲು ಬೀಳುತ್ತಿದ್ದ ಕಡೆ ಒಂದು ರಟ್ಟು ನಿಲ್ಲಿಸಿ ಹೋದಳು.

ಹೊತ್ತು ಮುಳುಗಿ ಸೀಟಿ ಊದಿದಾಗ ಗಿರಿಜಾಂಬನಿಗೆ ಎಚ್ಚರವಾಯಿತು. ಗೋಡೆಯ ಮೇಲೆ, ಎಲೆಗಳ ನಡುವೆ, ಸುತ್ತುಗೆರೆಗಳ ಒಳಗೆ ಒಂದು ಖಾಲಿ ಜಾಗ.

"ನಾನು ಇಷ್ಟೇ ಇಷ್ಟಾಗೋಗಿದ್ದೀನಾ?"

"ಮುದುರ್ಕೊಂಡು ಮಲಗಿದ್ದೆ, ಅದುಕ್ಕೆ" ಅಂದಳು ರಕ್ಷಿತಾ.

ಊರಿಗೆ ಬಂದಾಗ ಹುಳದ ಮನೆಯ ತುಂಬ ಹೆಂಗಸರ ಮಾತು. ರುದ್ರಯ್ಯ ಬಾಗಿಲಲ್ಲೇ ಕೈ ಅಡ್ಡ ಹಿಡಿದ. "ಅಲ್ಲೇ ಇರು. ನಾರ್ತಾ ಇದ್ದೀಯ."

ಒಳಗಿಂದ ವೆಂಕಟಲಕ್ಷ್ಮಮ್ಮ ಕೂಗಿದಳು: "ನಾವೆಲ್ಲ ಇಲ್ಲಿ ಸಾಯ್ತಾ ಇದ್ರೆ ಚಿತ್ರ ಬರಿಯಕ್ಕೆ ಹೋಗಿದ್ದಂತೆ, ಏನಮ್ಮಿ?"

"ಊ ಕಣೆ. ಚಂದ್ರಿಕೆಗೆ ದಟ್ಟ ಬುಡ್ಬೇಡ್ರೆ, ಒಸಿ ತೆಳ್ಳಗೆ..." ಅನ್ನುತ್ತಾ ಗಿರಿಜಾಂಬ ಹೊರಗಿನ ಕಲ್ಲಿನ ಮೇಲೆ ಕೂತಳು, ಕೂತಲ್ಲೇ ಒರಗಿ ಕಣ್ಣು ಮುಚ್ಚಿದಳು. ಹುಳ ಹಣ್ಣಾದ ದಿನ ಅವಳು ಆ ಬಾಗಿಲಿಂದಾಚೆ ಕೂತದ್ದು ಅದೇ ಮೊದಲು.

ಇನ್ನೊಂದು ಚಂದ್ರಿಕೆ ಎಲ್ಲಿಟ್ಟಿದ್ದೀಯ ಅಂತ ಕೇಳಲು ರುದ್ರಯ್ಯ ಹೊರಗೆ ಬಂದ. ಕರೆಯಲು ಬಾಯಿ ತೆರೆದವನು ಅವಳ ಕಡೆ ನೋಡಿ ಮುಚ್ಚಿಕೊಂಡ. ಆಮೇಲೆ ತಾನೇ ಹಿತ್ತಲಿಗೆ ಹೋಗಿ ಹುಡುಕತೊಡಗಿದ.