ತಲೆಕೆಳಗಾದ ಸೀಸೆಗಳು ಮತ್ತು ಶಿವನಂಜಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಗರದ ಒಂದು ವಿಜ್ಞಾನ ಕಾಲೇಜಿನ ಹಿತ್ತಲಲ್ಲಿ, ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಅಂಟಿಕೊಂಡ ಕಲ್ಲುತೊಟ್ಟಿಯ ಮುಂದೆ ಶಿವನಂಜಮ್ಮ ಸೆರಗು ಬಿಗಿದು ನಿಂತಿದ್ದಾರೆ. ಗಾಜಿನ ನಳಿಗೆಯೊಳಗೆ ಬ್ರಷ್ಷು ತೂರಿಸಿ, ಒಂದು ಸುತ್ತು ತಿರುವಿ, ಆಕಾಶಕ್ಕೆ ಹಿಡಿದು ನೋಡಿ ಪಕ್ಕಕ್ಕಿಡುತ್ತಾರೆ. ನನ್ನ ಕಡೆ ತಿರುಗುವುದೂ ಇಲ್ಲ.

"ಯಾರು ಕಳ್ಸಿದ್ದು ನಿಮ್ಮುನ್ನ?" ಎಂಬುದೇ ಅವರ ಮೊದಲ ಮಾತು.

ಪತ್ರಿಕೆಯಿಂದ ಬಂದಿದ್ದೇನೆ, ಭಾನುವಾರದ ಪುರವಣಿಗೆ ನಿಮ್ಮ ವಿಷಯ ಬರೆಯಬೇಕು ಎನ್ನುತ್ತೇನೆ.

"ನನ್ನ ವಿಸ್ಯ ಏನೈತೆ ಬರಿಯಕ್ಕೆ? ಪ್ರಿನ್ಸಿಪಾಲ್ರು ಕಳ್ಸವ್ರೆ ಅನ್ನಿ. ಪೇಪರ್ನೋರು ಇಷ್ಟೊತ್ಗೆಲ್ಲ ಏಳ್ತಾರಾ?"

ಈ ಅನುಮಾನ ಸುಮ್ಮನೆ ಬಂದದ್ದಲ್ಲ. ಎರಡು ತಿಂಗಳು ಇಡೀ ವಿಭಾಗ ಶಿವನಂಜಮ್ಮನನ್ನು ಓರೆಗಣ್ಣಲ್ಲೇ ನೋಡಿದೆ. ಈಗ ಅವರ ಸರದಿ. ಮಾತು ಹೊರಡಿಸಲು ನಾನು ಇನ್ನೂ ಎರಡು ಬೆಳಗ್ಗೆ ಆ ತೊಟ್ಟಿಯ ಪಕ್ಕ ಕಾಯಬೇಕಾಗುತ್ತದೆ.

ಊರು ಇಲವಾಲದ ಹತ್ತಿರ. ಗಂಡ ರಾಮಯ್ಯ ಇದೇ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದವರು, ಜ್ವರದಲ್ಲಿ ತೀರಿಕೊಂಡರು. ರಾಜ್ಯ ಒಂದಾದ ವರ್ಷ ಶಿವನಂಜಮ್ಮ ಈ ತೊಟ್ಟಿಗೆ ಬಂದರು. ವಾಸ ಕೃಷ್ಣಮೂರ್ತಿಪುರದ ಒಂದು ವಠಾರದಲ್ಲಿ. ಹುಡುಗರು ಹಿಂದಿನ ದಿನ ಕಲೆ ಮಾಡಿಟ್ಟ ನಳಿಗೆ, ಬೀಕರು, ಸೀಸೆಗಳೆಲ್ಲ ಅವರು ತರಗತಿಗೆ ಬರುವ ಮೊದಲೇ ಒಣಗಿ ಜಾಗ ಸೇರಬೇಕು. ಎಷ್ಟು ತೊಳೆಯುತ್ತೀರಿ ಎಂದರೆ, "ಇನ್ನೂರಕ್ಕೆ ಕಮ್ಮಿ ಇಲ್ಲ. ಒಡೆದಿದ್ನ ಬುಟ್ಟು" ಎನ್ನುತ್ತಾರೆ.

ಆಸಿಡ್ಡು ಅವರ ಬೆರಳ ತುದಿಗಳನ್ನು ನುಣ್ಣಗೆ ಮಾಡಿಬಿಟ್ಟಿದೆ. ರೇಷನ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಸಿ ಮೂಡುತ್ತದೆ, ಗೆರೆ ಮೂಡುವುದಿಲ್ಲ. "ಬೇಕಂತ್ಲೇ ಉಜ್ಕೊಂಡಿದೀಯ ಅಂತಾನೆ ಗುಮಾಸ್ತ. ಯಾಕಪ್ಪಾ, ಎಲ್ಲಾದ್ರೂ ದರೋಡೆ ಮಾಡಿದೀನಾ ಅಂದೆ. ನಗ್ನಿಲ್ಲ ಅವ್ನು."

ವಿಭಾಗದ ಅನುಮಾನ ಶುರುವಾದದ್ದು ಪ್ರಾಯೋಗಿಕ ಪರೀಕ್ಷೆಯಿಂದ. ಆ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಹೆಸರಿಲ್ಲದ ಒಂದು ಪುಡಿ ಕೊಡುತ್ತಾರೆ. ಹುಡುಗರು ಅದಕ್ಕೆ 'ಸಾಲ್ಟು' ಎನ್ನುತ್ತಾರೆ. ಕಾಯಿಸಿ, ಕರಗಿಸಿ, ಬಣ್ಣ ನೋಡಿ ಅದು ಯಾವುದೆಂದು ಹೇಳಬೇಕು. ಈ ಸಲ ಒಬ್ಬ ಹುಡುಗ ಒಲೆ ಹಚ್ಚುವ ಮೊದಲೇ ಉತ್ತರ ಬರೆದಿಟ್ಟಿದ್ದ. ಸುತ್ತ ನೋಡಿದರೆ ಮುಕ್ಕಾಲು ತರಗತಿಯೂ ಹಾಗೆಯೇ. ಪ್ರಯೋಗ ಹೇಳಿಕೊಡುವ ಡೆಮಾನ್‌ಸ್ಟ್ರೇಟರ್ ಅಶ್ವತ್ಥ ಅವರಿಗೆ ಮೈ ಉರಿದುಹೋಯಿತು. ನಳಿಗೆಗಳ ಬುಟ್ಟಿ ಹಿಡಿದು ಶಿವನಂಜಮ್ಮ ಒಳಗೆ ಬಂದದ್ದೂ ಅದೇ ಹೊತ್ತಿಗೆ.

"ನನ್ನ ಕಡೆ ಕೈ ತೋರ್ಸಿ, ಸಾಲ್ಟು ಮಾರ್ಕೊಳೋ ಕಳ್ಳಿ ಇಲ್ಲೇ ಅವ್ಳೆ ಅಂದ್ಬುಟ್ರು. ಎಲ್ಲಾ ಹುಡುಗ್ರ ಮುಂದೆ. ಸಾಲ್ಟು ಅಂದ್ರೆ ಉಪ್ಪು ತಾನೆ? ನಮ್ಮನೇಲಿ ಉಪ್ಪಿಗೇನು ಬರ ಸ್ವಾಮಿ, ಅದ್ನ ಯಾಕೆ ಕದೀಲಿ ಅಂದೆ. ಹುಡುಗ್ರು ಗೊಳ್ಳಂತ ನಕ್ರು. ಅವ್ರಿಗೆ ಇನ್ನೂ ಸಿಟ್ಟು ಬಂತು."

ಅಂದಿನಿಂದ ಅವರು ಮನೆಗೆ ಹೊರಟಾಗ ಬುಟ್ಟಿ ತಪಾಸಣೆ ನಡೆಯಿತು. ಹಿರಿಯ ಅಟೆಂಡರ್ ಲಿಂಗಯ್ಯ ಬುತ್ತಿ ಡಬ್ಬಿ ತೆಗೆಸಿ, ಎಲೆಅಡಿಕೆ ಚೀಲವನ್ನೂ ಕೊಡವಿಸಿದರು. ಇನ್ನೊಂದು ಸಲ ಹೀಗಾದರೆ ಕೆಲಸ ಹೋಗುತ್ತದೆ ಎಂದು ಕಚೇರಿಯಿಂದ ಮಾತು ಬಂತು. ಶಿವನಂಜಮ್ಮನೂ ಸುಮ್ಮನಿರಲಿಲ್ಲ. ಒಂದು ದಿನ ಬುಟ್ಟಿ ತುಂಬ ಒಣ ಸಗಣಿ ತುಂಬಿಕೊಂಡು ಬಂದು, "ಹುಡುಕಪ್ಪ ಲಿಂಗಯ್ಯ, ತಳದಲ್ಲೈತೆ" ಎಂದರಂತೆ.

ಗುಟ್ಟು ಹೊರಬಿದ್ದದ್ದು ಲಿಂಗಯ್ಯನವರಿಂದಲೇ. ಅವರ ಮಾತಲ್ಲೇ ಕೇಳಬೇಕು.

"ಎರಡನೇ ಪರೀಕ್ಷೆ ದಿನ ಬೆಳಿಗ್ಗೆ ಸೈಕಲ್ಲಲ್ಲಿ ಬರ್ತಿದ್ದೆ. ಕಾಂಪೌಂಡ್ ಹೊರಗೆ ನಾಲ್ಕೈದು ಹುಡುಗ್ರು ಕತ್ತು ಹೆಗಲ ಮೇಲೆ ಮಡಚ್ಕೊಂಡು ನಿಂತವ್ರೆ. ಏನ್ರಪ್ಪಾ, ಎಲ್ಲಾರ್ಗೂ ಒಟ್ಗೇ ಕತ್ತು ಉಳುಕ್ತಾ ಅಂದೆ. ಎದ್ದೆನೋ ಬಿದ್ದೆನೋ ಅಂತ ಓಡುದ್ರು. ನಾನೂ ಅಂಗೇ ಕತ್ತು ಓರೆ ಮಾಡಿ ನೋಡ್ದೆ ಕಣ್ರೀ. ಗೋಡೆ ಮೇಲೆ ಸೀಸೆ."

ಪರೀಕ್ಷೆಯ ಹಿಂದಿನ ಸಂಜೆ ಅಧ್ಯಾಪಕರು ಬೇಕಾದ ಪುಡಿಗಳನ್ನೆಲ್ಲ ಸೀಸೆಗಳಿಂದ ಸುರಿದು ಪೊಟ್ಟಣ ಕಟ್ಟಿ ಬೀಗ ಹಾಕುತ್ತಾರೆ. ಖಾಲಿ ಸೀಸೆಗಳು ತೊಟ್ಟಿಗೆ ಬರುತ್ತವೆ. ಶಿವನಂಜಮ್ಮ ಅವನ್ನು ತೊಳೆದು, ನೀರು ಬಸಿಯಲೆಂದು ಬೋರಲು ಹಾಕಿ, ಮೊದಲ ಬಿಸಿಲು ಬೀಳುವ ರಸ್ತೆ ಬದಿಯ ಗೋಡೆ ಮೇಲೆ ಸಾಲಾಗಿ ಇಡುತ್ತಾರೆ. ಮೇಣ ಸವರಿದ ಹೆಸರಿನ ಚೀಟಿ ನೀರಿಗೆ ಅಳಿಸುವುದಿಲ್ಲ. ಅಂದಿನ ಪ್ರಶ್ನೆಗಳೆಲ್ಲ ತಲೆಕೆಳಗಾಗಿ ರಸ್ತೆಗೆ ಮುಖಮಾಡಿ ನಿಂತಿರುತ್ತಿದ್ದವು. ಆ ನಾಲ್ಕಾರು ಹೆಸರು ಗೊತ್ತಿದ್ದರೆ, ಪುಡಿಯ ಬಣ್ಣ ನೋಡಿಯೇ ತನ್ನದು ಯಾವುದೆಂದು ಹುಡುಗ ಊಹಿಸಬಹುದು.

"ಆ ಚೀಟೀಲಿ ಬರೆದಿರೋದು ಇಂಗ್ಲೀಷು. ನಂಗೆ ಕನ್ನಡವೇ ಓದಕ್ಕೆ ಬರಲ್ಲ" ಎನ್ನುತ್ತಾರೆ ಶಿವನಂಜಮ್ಮ.

ಸೀಸೆಗಳು ಈಗ ಒಳಗಿನ ಮಾಳಿಗೆಯಲ್ಲಿ ಒಣಗುತ್ತವೆ. ಬುಟ್ಟಿ ತಪಾಸಣೆ ನಿಂತಿದೆ. ಕೆಲಸ ಉಳಿದಿದೆ. ಹೋದ ವಾರ ನಡೆದ ಕಾಲೇಜಿನ ಕೆಮಿಸ್ಟ್ರಿ ಅಸೋಸಿಯೇಷನ್ನಿನ ವಾರ್ಷಿಕ ಸಭೆಯಲ್ಲಿ ಅಶ್ವತ್ಥ ಅವರು ಎದ್ದುನಿಂತು, ಆ ಹೆಂಗಸಿನದು ತಪ್ಪಿಲ್ಲ ಎಂದು ಹೇಳಿದ್ದಾರೆ. "ಎಲ್ಲರ ಮುಂದೆ ಹೇಳಿದ್ದೇನಲ್ಲ, ಇನ್ನೇನು ಮಾಡಬೇಕಂತೆ?" ಎಂದು ನನ್ನನ್ನೇ ಕೇಳುತ್ತಾರೆ ಅವರು.

ಅದನ್ನು ಶಿವನಂಜಮ್ಮನಿಗೆ ತಿಳಿಸುತ್ತೇನೆ. ಅವರು ಬ್ರಷ್ಷು ಕೆಳಗಿಡುತ್ತಾರೆ.

"ನಾನೂ ಬಾಗಿಲ ಹತ್ರ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ಇಂಗ್ಲೀಷಲ್ಲಿ ಏನೋ ಅಂದ್ರು, ಹುಡುಗ್ರು ನಕ್ರು. ಏನಂದ್ರೋ ಯಾರಿಗ್ಗೊತ್ತು?"

ತಪ್ಪಿಲ್ಲ ಅಂತಲೇ ಹೇಳಿದ್ದು ಎನ್ನುತ್ತೇನೆ.

"ನೀವಿದ್ರಾ ಅಲ್ಲಿ?"

ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

"ಮತ್ತೆ? ನಿಮಗೂ ಅವ್ರೇ ಹೇಳಿರ್ತಾರೆ." ಸೆರಗಿನಲ್ಲಿ ಕೈ ಒರೆಸಿಕೊಂಡು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡುತ್ತಾರೆ. "ಕಳ್ಳಿ ಅನ್ನಕ್ಕೆ ಕನ್ನಡ ಬಂತಲ್ಲ ಅವ್ರಿಗೆ. ಅಲ್ಲ ಅನ್ನಕ್ಕೂ ಬರ್ಲಿ. ಅದೇ ಹುಡುಗ್ರ ಮುಂದೆ, ಒಂದೇ ಒಂದ್ಸಲ. ನಾನು ಬಂದು ನಿಂತ್ಕೊಂಡು ಕೇಳುಸ್ಕೋತೀನಿ."